ಕಸ್ತೂರಮ್ಮನ ಕೈಗುಣ

ಜಗಳೂರು ಬಸ್ ನಿಲ್ದಾಣದ ಹಿಂದಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಸೂಜಿ ಹಿಡಿದವಳು ಕಸ್ತೂರಮ್ಮ. ಹಾಲುಗೂಸಿನ ಕೈಯಲ್ಲೂ ಒಂದೇ ಸಲಕ್ಕೆ ನರ ಹಿಡಿಯುತ್ತಾಳೆಂದು ಸುತ್ತಲ ಹಳ್ಳಿಗಳಲ್ಲೆಲ್ಲ ಮಾತು. ಡಾಕ್ಟರ ಹೆಸರು ಮರೆತವರೂ ಆಕೆಯ ಕೈಗುಣ ಮರೆಯುತ್ತಿರಲಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಆ ಹೆಂಗಸಿಗೆ ಬಾಳಿನಲ್ಲಿ ಉಳಿದಿದ್ದ ಆಸ್ತಿ ಅದೊಂದೇ.

ಈ ವರ್ಷ ಆ ಕೈ ನಡುಗತೊಡಗಿತು. ಮೊದಲು ಟೀ ಲೋಟ ತುಳುಕಿತು. ಆಮೇಲೆ ಟ್ಯೂಬಿನ ಮೇಲೆ ಬರೆದ ಹೆಸರು ಇರುವೆ ಹರಿದಂತಾಯಿತು. ಕಸ್ತೂರಮ್ಮ ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಯಾವ ಬಾಯಲ್ಲಿ? ಕಲಿಯಲು ಬರುತ್ತಿದ್ದ ಮೂವರು ಹುಡುಗಿಯರಿಗೆ ಸೂಜಿ ಕೊಟ್ಟು, ತಾನು ಬರೀ ಪಾಠ ಹೇಳುತ್ತ ನಿಂತಳು.

"ವೀನಿಪಂಕ್ಚರ್ ಅಂದ್ರೇನ್ರೇ? ನರ ಚುಚ್ಚಿ ರಕ್ತ ತೆಗೆಯಾದು. ಹೆಮಟೋಮಾ ಅಂದ್ರೆ ಚರ್ಮದ ಕೆಳಗೆ ರಕ್ತ ಸೋರಿ ನೀಲಿಗಟ್ಟಾದು. ಸೂಜಿ ತೆಗೆಯಾಕೆ ಮುಂಚೆ ತೋಳಿನ ಪಟ್ಟಿ ಬಿಚ್ಚದಿದ್ರೆ ಅದೇ ಗತಿ. ಹೀಮೋಲೈಸಿಸ್ ಅಂದ್ರೆ ರಕ್ತದ ಕಣ ಒಡೆಯಾದು. ಟ್ಯೂಬ್ ಮೆಲ್ಲಗೆ ಮಗುಚ್ರಿ, ಮಜ್ಜಿಗೆ ಕಡೆದಂಗೆ ಕಡೀಬ್ಯಾಡ್ರಿ!"

ಹುಡುಗಿಯರು ನಗುತ್ತ ಬರೆದುಕೊಂಡರು. ನ್ಯಾಮತಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಶಿವಲೀಲಾ, "ಮೇಡಂದು ಎಂಥಾ ದೊಡ್ಡ ಮನಸು, ಎಲ್ಲಾ ನಮ್ಗೇ ಬಿಡ್ತಾರೆ" ಎಂದು ಕೊಂಡಾಡಿದಳು. ದೊಡ್ಡ ಮನಸಂತೆ! ಯಾವತ್ತು ಗುಟ್ಟು ರಟ್ಟಾಗುತ್ತದೋ ಎಂದು ಕಸ್ತೂರಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿತ್ತು.

ಒಂದು ಸೋಮವಾರ ಲಕ್ಷ್ಮಿದೇವಿ ಎಂಬಾಕೆ ಎಂಟು ತಿಂಗಳ ಕೂಸನ್ನೆತ್ತಿಕೊಂಡು ಬಂದಳು. ಕೂಸಿಗೆ ವಾರದಿಂದ ಜ್ವರ. ಶಿವಲೀಲಾ ಕೈಗವಸು ಹಾಕಿಕೊಂಡು ಹತ್ತಿರ ಬಂದರೆ ತಾಯಿ ಹಿಂದೆ ಸರಿದಳು.

"ಕಲಿಯೋ ಹುಡ್ಗೀರು ಬ್ಯಾಡ್ರಿ. ಅಕ್ಕಾ, ನೀವೇ ತೆಗೀರಿ. ದೊಡ್ಡವನಿಗೂ ನೀವೇ ತೆಗ್ದಿದ್ರಿ. ನಿಮ್ಮನ್ನ ನಂಬ್ಕಂಡೇ ಬಂದೀನಿ."

ನಂಬಿ ಬಂದವಳಿಗೆ ಒಲ್ಲೆ ಅನ್ನುವುದು ಹೇಗೆ? ಕಸ್ತೂರಮ್ಮ ಕೂತಳು. ಪಟ್ಟಿ ಕಟ್ಟಿದಳು, ಬೆರಳಲ್ಲಿ ಮುಟ್ಟಿ ನರ ಗುರುತಿಸಿದಳು. ಸೂಜಿ ಎತ್ತಿದ್ದೇ ತಡ, ತುದಿ ಗಡಗಡ ಅಲುಗಿತು. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಕೂಸು ಅವಳ ಮುಖ ನೋಡಿ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಚುಚ್ಚಿಬಿಡಲೇ, ಹೇಗೋ ಆದೀತು ಎಂದು ಒಂದು ಗಳಿಗೆ ಅನ್ನಿಸಿತು. ಶಿವನೇ, ಆ ನಗು ನೋಡಿದ ಮೇಲೆ ಆಗಲಿಲ್ಲ.

ಸೂಜಿ ಕೆಳಗಿಟ್ಟಳು. "ನನ್ ಕೈ ನಡುಗ್ತೈತೆ ತಾಯಿ. ಮೂರು ತಿಂಗ್ಳಾತು. ಇನ್ ಮ್ಯಾಲೆ ನನ್ ಕೈಲಿ ಆಗಾದಿಲ್ಲ."

ಲಕ್ಷ್ಮಿದೇವಿ ಆ ಕೈಯನ್ನೂ ಶಿವಲೀಲಾಳನ್ನೂ ನೋಡಿ, ಕೂಸನ್ನು ಮಡಿಲಲ್ಲಿ ಸರಿಯಾಗಿ ಕೂರಿಸಿಕೊಂಡಳು. ಕಸ್ತೂರಮ್ಮ ಎದ್ದು ಶಿವಲೀಲಾಳನ್ನು ಕೂರಿಸಿ, ಕೂಸಿನ ಕೈಯನ್ನು ತಾಯಿಯ ಜೊತೆ ತಾನೂ ಹಿಡಿದುಕೊಂಡಳು. "ಸೂಜಿ ಬಾಯಿ ಮ್ಯಾಲಕ್ಕಿರ್ಲಿ. ಅವಸರ ಬ್ಯಾಡ. ಹೂಂ, ಈಗ." ಶಿವಲೀಲಾ ಒಂದೇ ಸಲಕ್ಕೆ ಹಿಡಿದಳು. ಕೂಸು ಮುಖ ಸಿಂಡರಿಸಿತು, ಅಷ್ಟೇ.

ಕಸ್ತೂರಮ್ಮನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಅದರ ಹತ್ತರಷ್ಟು ಸಂಕಟವೂ ಆಯಿತು.

ಲಕ್ಷ್ಮಿದೇವಿ ಕೂಸಿಗೆ ಸೆರಗು ಹೊದಿಸಿ, ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತಳು. "ಮತ್ತೆ ಬಂದ್ರೆ ಯಾರ್ನ ಕೇಳ್ಲಿ ಅಕ್ಕಾ? ಈ ಹುಡ್ಗಿ ಹೆಸ್ರೇನು?"

ಹುಡುಗಿ ತಲೆ ತಗ್ಗಿಸಿ ಟ್ಯೂಬಿನ ಮೇಲೆ ಕೂಸಿನ ಹೆಸರು ಬರೆಯುತ್ತಿದ್ದಳು.

"ಶಿವಲೀಲಾ," ಎಂದಳು ಕಸ್ತೂರಮ್ಮ. "ಇವಳನ್ನೇ ಕೇಳು."

ಮರೆಯಬಾರದೆಂದು ಲಕ್ಷ್ಮಿದೇವಿ ಆ ಹೆಸರನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ಹೋದಳು.