ಬಿಚ್ಚಿದ ಹೊತ್ತಿಗೂ ಕೂಲಿ

ಅವರ ಸೆರಗು ಎಷ್ಟು ಒಗೆದರೂ ಬಲಗಿವಿಯ ಹತ್ತಿರ ಬೆಳ್ಳಗೇ ಇರುತ್ತಿತ್ತು. ಕಿವಿಯ ಸಂದಿಯಲ್ಲಿ ಸೀಮೆಸುಣ್ಣದ ತುಂಡು ಸಿಕ್ಕಿಸಿಕೊಳ್ಳುವ ಅಭ್ಯಾಸ. ಶಿರಾಳಕೊಪ್ಪದಲ್ಲಿ ನನ್ನ ಅಣ್ಣನ ಮನೆಯ ಪಕ್ಕದಲ್ಲಿದ್ದ ಅವರನ್ನು ಎಲ್ಲರೂ ಹೊಲಿಗೆ ಬೂಬಮ್ಮ ಎನ್ನುತ್ತಿದ್ದರು. ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ ಹೊಸದು ಮಾಡುವ ಕೆಲಸವೇ ಹೆಚ್ಚು. ಅದಕ್ಕೆ ಮೊದಲೇ ದರ ಹೇಳುವುದು ಹೇಗೆ? ಗಡಿಯಾರ ನೋಡಿ, ಮಿಷನ್ನಿನ ಹಲಗೆಯ ಮೇಲೆ ಕಾಲು ಗಂಟೆಗೊಂದು ಗೆರೆ ಎಳೆಯುತ್ತಿದ್ದರು. ಎಲೆಅಡಿಕೆಗೆ ಎದ್ದರೆ ಒಂದು ಗೆರೆ ಅಳಿಸುತ್ತಿದ್ದರು. ಹೊಸ ಪೈಸೆ ಬಂದ ಕಾಲ. ಆಣೆಯಲ್ಲಿ ಹೇಳಿ ಪೈಸೆಯಲ್ಲಿ ತೆಗೆದುಕೊಳ್ಳುತ್ತಿದ್ದರು.

ಒಮ್ಮೆ ಸಾಹುಕಾರರ ಹೆಂಡತಿ ಕುಪ್ಪಸದ ಕತ್ತನ್ನು ಮೂರು ಸಲ ಬದಲಾಯಿಸಲು ಹೇಳಿ, ದುಡ್ಡು ಕೊಡುವಾಗ ಮುಖ ಸಿಂಡರಿಸಿದರು.

"ಬಿಚ್ಚಿದ್ದಕ್ಕೂ ರೊಕ್ಕ ಏನ್ರೀ?"

"ಬಿಚ್ಚೋವಾಗ ನಾನೇನು ಮಲಗಿದ್ನೇನ್ರಮ್ಮಾ?"

ಗೋಡೆಯಾಚೆ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಪಾಡು ಮಾತ್ರ ನಗುವಂಥದ್ದಲ್ಲ. ಗಂಡ ಸತ್ತ ಮೇಲೆ ಮಗಳನ್ನು ಕಟ್ಟಿಕೊಂಡು ಅಣ್ಣನ ಮನೆ ಸೇರಿದ್ದೆ. ತಮ್ಮ ಹಳೆಯ ಮಿಷನ್ ಕೊಟ್ಟು ಹೊಲಿಗೆ ಕಲಿಸಿದವರು ಬೂಬಮ್ಮನವರೇ. ಆದರೆ ಅತ್ತಿಗೆಯ ನಂಟರೆಲ್ಲ ಬಟ್ಟೆ ತಂದು ಸುರಿದು, "ಮನೇಲಿ ಸುಮ್ನೆ ಕೂತಿರ್ತೀಯಲ್ಲ, ಹೊಲ್ದು ಕೊಡೇ" ಎನ್ನುತ್ತಿದ್ದರು. ಒಬ್ಬರೂ ಕಾಸು ಕೊಟ್ಟವರಲ್ಲ. ಮಗಳ ಸ್ಲೇಟಿಗೂ ಅಣ್ಣನ ಮುಂದೆ ಕೈಚಾಚಬೇಕಿತ್ತು. ಹಾಳಾದ್ದು, ಕೂಲಿ ಕೇಳಲು ಬಾಯೇ ಬರುತ್ತಿರಲಿಲ್ಲ.

ಒಂದು ದಿನ ಪಡಸಾಲೆ ತುಂಬ ನಂಟರಿದ್ದಾಗ ಬೂಬಮ್ಮನವರು ಬಂದು ತಮ್ಮದೇ ಕುಪ್ಪಸವನ್ನು ನನ್ನ ಮುಂದಿಟ್ಟರು. "ತೋಳು ಬಿಗಿ ಆಗೈತೆ, ಸಡ್ಲ ಮಾಡು." ತಾವೇ ಮಾಡಿಕೊಳ್ಳಬಹುದಾದ ಕೆಲಸ! ಎದುರಿಗೇ ಕುಳಿತು ಗೆರೆ ಎಳೆದರು. ಮಗಳು ಕರೆದಳೆಂದು ನಾನು ಎದ್ದಾಗ ಒಂದು ಅಳಿಸಿದರು. ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ ಗೆರೆ ಎಣಿಸಿ ದುಡ್ಡು ಕೈಗಿಟ್ಟರು.

"ಅಯ್ಯೋ, ನಿಮ್ಮ ಹತ್ರ ಬೇಡ್ರೀ."

"ತಗೋ. ನಾನೇ ಕೊಟ್ಟ ಮೇಲೆ ಇವ್ರು ಕೊಡದೆ ಎಲ್ಲಿ ಹೋಗ್ತಾರೆ?"

ಅತ್ತಿಗೆ ಮುಖ ಗಂಟಿಕ್ಕಿಕೊಂಡರು. ಆದರೆ ಮುಂದಿನ ಸಂತೆಗೆ ಬಟ್ಟೆ ತಂದ ಅವರ ತಂಗಿ, ಹೋಗುವಾಗ ಎಷ್ಟಾಯಿತೆಂದು ಕೇಳಿದಳು. ಹೇಳಿದೆ. ಕೊಟ್ಟಳು. ಮಗಳ ಓದು ಆ ಮಿಷನ್ನಿನಲ್ಲೇ ನಡೆಯಿತು.

ಕಡೆಗಾಲದಲ್ಲಿ ಬೂಬಮ್ಮನವರಿಗೆ ಕಣ್ಣು ಮಂಜಾಯಿತು. ಹಬ್ಬಕ್ಕೆಂದು ನನ್ನಲ್ಲಿ ಒಂದು ಕುಪ್ಪಸ ಹೊಲಿಯಲು ಕೊಟ್ಟಿದ್ದರು. ಹಬ್ಬಕ್ಕೆ ಮುಂಚೆಯೇ ತೀರಿಕೊಂಡರು. ಕೆಲವು ವಾರಗಳಾದ ಮೇಲೆ ಅವರ ಮಗಳು ಬಂದು, ಕುಪ್ಪಸ ಕೇಳಿ, ಸೆರಗಿನ ಗಂಟು ಬಿಚ್ಚಿದಳು.

"ದುಡ್ಡು ಕೊಡದೆ ತರಬ್ಯಾಡ ಅಂದಿದ್ರು ಅಮ್ಮ."

ಹಲಗೆಯ ಮೇಲೆ ಆ ಕುಪ್ಪಸ ಹೊಲಿಯುವಾಗ ನಾನೆಳೆದ ಗೆರೆಗಳು ಹಾಗೇ ಇದ್ದವು. ಅಳುತ್ತಲೇ ಎಣಿಸಿ ಹೇಳಿದೆ, ಅಳುತ್ತಲೇ ತೆಗೆದುಕೊಂಡೆ. ಬೇಡ ಎಂದಿದ್ದರೆ ಆಯಮ್ಮ ಎದ್ದು ಬಂದು ಬೈಯುತ್ತಿದ್ದರು.