ಎಸ್ಕಿಲ್‌ಸ್ಟುನಾಕ್ಕೆ ಒಯ್ದ ಗಸಗಸೆ ಪಾಯಸ

ಗೋಥೆನ್‌ಬರ್ಗ್‌ನಿಂದ ಬೆಳಿಗ್ಗೆ ಏಳೂವರೆಯ ರೈಲು ಹಿಡಿದೆ. ನವೆಂಬರ್ ತಿಂಗಳ ಗುರುವಾರ. ಹೊರಗೆ ಎರಡು ಡಿಗ್ರಿ ಚಳಿ, ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಕಾತ್ರಿನೆಹೋಲ್ಮ್‌ವರೆಗೆ ಸುಮಾರು ಎರಡೂವರೆ ಗಂಟೆ, ಅಲ್ಲಿ ಇಳಿದು ಚಿಕ್ಕ ರೈಲಿನಲ್ಲಿ ಇನ್ನೊಂದು ಮುಕ್ಕಾಲು ಗಂಟೆ ಹೋದರೆ ಎಸ್ಕಿಲ್‌ಸ್ಟುನಾ. ಟಿಕೆಟ್ಟಿಗೆ ಮುನ್ನೂರ ತೊಂಬತ್ತು ಕ್ರೋನಾ. ಬ್ಯಾಗಿನಲ್ಲಿ ರೆಕಾರ್ಡರ್ ಮತ್ತು ಎರಡು ನೋಟುಪುಸ್ತಕ, ತೊಡೆಯ ಮೇಲೆ ಟವೆಲ್ ಸುತ್ತಿದ ಸ್ಟೀಲ್ ಡಬ್ಬಿ. ಡಬ್ಬಿಯಲ್ಲಿ ಗಸಗಸೆ ಪಾಯಸ.

ನಾನು ತುಮಕೂರಿನವಳು. ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಅಮೆರಿಕದ ಮಾದಕವಸ್ತು ಕಾನೂನುಗಳ ಇತಿಹಾಸ ಬರೆಯುವುದು ನನ್ನ ಕೆಲಸ. "ಸ್ವೀಡನ್ನಿಗೆ ಹೋಗಿ ಅಮೆರಿಕದ ಅಫೀಮು ಓದ್ತೀಯಲ್ಲ, ಇಲ್ಲೇ ಕೂತು ಓದಕ್ಕಾಗ್ತಿರ್ಲಿಲ್ವ?" ಎಂದು ನಮ್ಮಪ್ಪ ಈಗಲೂ ಕೇಳುತ್ತಾರೆ. ಆರು ವರ್ಷ ಕಾಗದಗಳ ನಡುವೆಯೇ ಕಳೆದಿದ್ದೆ. ಆ ಕಾನೂನಿನ ಅಡಿ ನಿಜವಾಗಿ ಜೈಲಿನಲ್ಲಿದ್ದ ಮನುಷ್ಯನೊಬ್ಬನನ್ನು ಎದುರು ಕೂತು ಮಾತಾಡಿಸುವುದು ಇದೇ ಮೊದಲು. ಬರಿಗೈಯಲ್ಲಿ ಹೋಗಲು ಮನಸ್ಸು ಬರಲಿಲ್ಲ. ಇಂಡಿಯನ್ ಅಂಗಡಿಯಲ್ಲಿ ಬಿಳಿ ಗಸಗಸೆ ಮುಗಿದಿತ್ತು. ಸ್ವೀಡಿಷ್ ಸೂಪರ್‌ಮಾರ್ಕೆಟ್‌ನಿಂದ ನೀಲಿ ಗಸಗಸೆ ತಂದು ಹುರಿದು, ಕಾಯಿ ಹಾಕಿ ರುಬ್ಬಿ, ಬೆಲ್ಲದಲ್ಲಿ ಕುದಿಸಿದೆ. ಬಣ್ಣ ಬೂದಿಯದಾದರೂ ರುಚಿ ನಮ್ಮಮ್ಮನ ಪಾಯಸದ್ದೇ.

ರೈಲಿನಲ್ಲಿ ಟಿಪ್ಪಣಿಗಳನ್ನು ತಿರುವಿಹಾಕಿದೆ. ನೂರೈವತ್ತು ವರ್ಷಗಳ ಹಿಂದೆ ಅಮೆರಿಕದ ಅಂಗಡಿಗಳಲ್ಲಿ ಮಾರ್ಫಿನ್ ಬೆರೆತ ಸಿರಪ್ಪನ್ನು ಹಲ್ಲು ಬರುವ ಕೂಸುಗಳಿಗೆಂದೇ ಮಾರುತ್ತಿದ್ದರು. ಡಾಕ್ಟರ ಚೀಟಿ ಯಾರೂ ಕೇಳುತ್ತಿರಲಿಲ್ಲ. ಚೀನಾದಿಂದ ಬಂದ ಕೂಲಿಗಳು ಅಫೀಮನ್ನು ಕೊಳವೆಯಲ್ಲಿ ಸೇದತೊಡಗಿದಾಗ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ 1875ರಲ್ಲಿ ಕಾನೂನು ನೆನಪಾಯಿತು. 1914ರಲ್ಲಿ ಇಡೀ ದೇಶಕ್ಕೆ ಬಂದ ಕಾಯಿದೆ ಮೇಲ್ನೋಟಕ್ಕೆ ತೆರಿಗೆಯದು, ಆದರೆ ಅದರ ಅಡಿ ವ್ಯಸನಿಗಳಿಗೆ ಮದ್ದು ಬರೆದುಕೊಟ್ಟ ವೈದ್ಯರೂ ಜೈಲು ಕಂಡರು. 1986ರ ಕಾಯಿದೆ ಎಲ್ಲವನ್ನೂ ಮೀರಿಸಿತು. ಮಾರಲು ಇಟ್ಟುಕೊಂಡ ಕೊಕೇನ್ ಪುಡಿಯಾಗಿದ್ದರೆ ಐನೂರು ಗ್ರಾಂಗೆ ಕನಿಷ್ಠ ಐದು ವರ್ಷ. ಅದನ್ನೇ ಬೇಯಿಸಿ ಕ್ರ್ಯಾಕ್ ಎಂಬ ಹರಳು ಮಾಡಿದ್ದರೆ ಐದೇ ಗ್ರಾಂಗೆ ಐದು ವರ್ಷ. ಹರಳಿನ ಕೇಸುಗಳು ಬಿದ್ದದ್ದು ಹೆಚ್ಚಾಗಿ ಕರಿಯರ ಮೇಲೆ.

ನಾನು ನೋಡಲು ಹೊರಟಿದ್ದ ಕರ್ಟಿಸ್ ಅಮೆರಿಕದಲ್ಲಿ ಆ ಐದು ಗ್ರಾಂ ಕಾನೂನಿನಡಿ ಜೈಲು ಕಂಡು, ಈಗ ಎಸ್ಕಿಲ್‌ಸ್ಟುನಾದಲ್ಲಿ ನೆಲೆಸಿರುವ ಮನುಷ್ಯ. ಫೋನಿನಲ್ಲಿ ಅವರು ಹಾಕಿದ ಷರತ್ತು ಒಂದೇ: ಹೆಸರು ಎಲ್ಲೂ ಬರಬಾರದು. ಹಾಗಿದ್ದೂ ಇಲ್ಲಿ ಅವರ ಹೆಸರನ್ನೇಕೆ ಬರೆಯುತ್ತಿದ್ದೇನೆ ಎಂಬುದು ಕೊನೆಗೆ ತಿಳಿಯುತ್ತದೆ.

ಹನ್ನೊಂದಕ್ಕೆ ಎಸ್ಕಿಲ್‌ಸ್ಟುನಾ ತಲುಪಿದಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಸ್ಟೇಷನ್ನಿಗೆ ದೀಪಾ ಬಂದಿದ್ದಳು. ಕುಂದಾಪುರದವಳು, ಇಲ್ಲಿಯ ಯಂತ್ರ ಕಾರ್ಖಾನೆಯಲ್ಲಿ ಎಂಜಿನಿಯರ್. ರಾತ್ರಿ ನಾನು ಉಳಿಯುವುದು ಅವಳ ಮನೆಯಲ್ಲೇ. ಕಾರಿನಲ್ಲಿ ಕೂತ ತಕ್ಷಣ ಡಬ್ಬಿ ತೆರೆದು ನೋಡಿದಳು.

"ಅಕ್ಕ, ಇದೇನು ಪಾಯಸನಾ, ಸಿಮೆಂಟಾ?"

"ನೀಲಿ ಗಸಗಸೆ ಕಣೇ. ನಿಂಗೂ ಸ್ವಲ್ಪ ತೆಗ್ದಿಡ್ತೀನಿ."

"ಬೇಡಪ್ಪ, ಮಧ್ಯಾಹ್ನ ಮೀಟಿಂಗ್ ಇದೆ ನಂಗೆ. ಇದು ಕುಡಿದ್ರೆ ಅಲ್ಲೇ ನಿದ್ದೆ ಹೊಡೀತೇನೆ."

ಇಬ್ಬರೂ ನಕ್ಕೆವು. ಗಸಗಸೆ ಪಾಯಸ ಕುಡಿದರೆ ಕಣ್ಣು ಎಳೆಯುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಏಕೆ ಎಳೆಯುತ್ತದೆ ಎಂದು ಆ ಹೊತ್ತು ನಾನು ಒಂದು ಕ್ಷಣ ಯೋಚಿಸಿದ್ದರೂ ಸಾಕಿತ್ತು.

ಕರ್ಟಿಸ್ ಮನೆ ನದಿಯ ಆಚೆ, ಮೂರನೆಯ ಮಹಡಿಯ ಫ್ಲ್ಯಾಟು. ಐವತ್ತೆಂಟು ವಯಸ್ಸು, ಎತ್ತರದ ಆಳು, ಸ್ವಲ್ಪ ಬೆನ್ನು ಬಾಗಿಸಿ ನಡೆಯುತ್ತಾರೆ. ಹೆಂಡತಿ ಆನ್‌ಮರೀ ಇದೇ ಊರಿನವರು, ನಿವೃತ್ತ ದಾಗಿಸ್ ಟೀಚರ್. ಪುಟ್ಟ ಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ದುಡಿದವರ ಸಮಾಧಾನ ಅವರ ಮಾತಿನಲ್ಲಿತ್ತು. ನಾನು ಡಬ್ಬಿ ಕೊಟ್ಟು, ನಮ್ಮ ಕಡೆ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲ, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕುತ್ತೇವೆ ಎಂದು ತಮಾಷೆಗೆ ಹೇಳಿದೆ. ಕಾಫಿ, ಏಲಕ್ಕಿ ಬನ್ನುಗಳ ಜೊತೆ ಪಾಯಸವೂ ಮೇಜಿಗೆ ಬಂತು. ಆನ್‌ಮರೀ ಎರಡು ಚಮಚ ತಿಂದು ತುಂಬಾ ಸಿಹಿ ಎಂದರು. ಕರ್ಟಿಸ್ ಬೋಗುಣಿ ಖಾಲಿ ಮಾಡಿ ಮತ್ತೆ ಮುಂದೆ ಚಾಚಿದರು.

ರೆಕಾರ್ಡರ್ ಹಾಕಿದೆ. ಅವರು ಮಾತಾಡುವುದು ನಿಧಾನ. ಅವರ ಮುತ್ತಜ್ಜಿ ಅಂಗಡಿಯ ಆ ಮಾರ್ಫಿನ್ ಸಿರಪ್ಪನ್ನು ಕೊನೆಯವರೆಗೂ ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡಿರುತ್ತಿದ್ದರಂತೆ. ಮನೆಯಲ್ಲಿ ಯಾರೂ ಅದನ್ನು ಚಟ ಎನ್ನಲಿಲ್ಲ, ಅಜ್ಜಿಯ ಔಷಧಿ ಎಂದರು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕರ್ಟಿಸ್ ಜೇಬಿನಲ್ಲಿ ಆರು ಗ್ರಾಂ ಕ್ರ್ಯಾಕ್ ಸಿಕ್ಕಿತು. ನ್ಯಾಯಾಧೀಶರು, ನನ್ನ ಕೈ ಕಟ್ಟಿದೆ, ಕಾನೂನಿನಲ್ಲಿ ಇರುವುದೇ ಇಷ್ಟು ಎಂದು ಐದು ವರ್ಷ ಕೊಟ್ಟರು. ಹೊರಗೆ ಬಂದು ಗೋದಾಮಿನಲ್ಲಿ ಭಾರ ಎತ್ತಿ ಬೆನ್ನು ಮುರಿದುಕೊಂಡಾಗ ಡಾಕ್ಟರೇ ಅಫೀಮಿನ ಜಾತಿಯ ನೋವಿನ ಮಾತ್ರೆ ಬರೆದುಕೊಟ್ಟರು, ತಿಂಗಳಿಗೊಂದು ಡಬ್ಬ. "ಈ ಸಲ ನನ್ನನ್ನು ಯಾರೂ ಹಿಡಿಯಲಿಲ್ಲ. ಚೀಟಿ ಇತ್ತಲ್ಲ," ಎಂದರು.

ಆನ್‌ಮರೀಯನ್ನು ಮದುವೆಯಾಗಿ ಸ್ವೀಡನ್ನಿಗೆ ಬಂದಾಗ ಆ ಮಾತ್ರೆಗಳೂ ಅವರ ಹಿಂದೆಯೇ ಬಂದವು. ನಾಲ್ಕು ವರ್ಷದ ಹಿಂದೆ ಪೊಲೀಸರು ಕಾರು ನಿಲ್ಲಿಸಿದಾಗ ರಕ್ತದಲ್ಲಿ ಸಿಕ್ಕಿ, ಲೈಸೆನ್ಸ್ ಹೋಯಿತು. ಚಿಕಿತ್ಸೆಗೆ ಸೇರಿದರು. ಮಾತ್ರೆ ಬಿಟ್ಟು ಮೂರು ವರ್ಷವಾಗಿತ್ತು. ಲೈಸೆನ್ಸ್ ಮರಳಿ ಸಿಗಬೇಕಾದರೆ ಒಂದು ವರ್ಷದಲ್ಲಿ ಎಂಟು ಬಾರಿ ಮೂತ್ರದ ಸ್ಯಾಂಪಲ್ ಕೊಡಬೇಕು. ಬೆಳಿಗ್ಗೆ ಮೆಸೇಜ್ ಬರುತ್ತದೆ, ಅದೇ ದಿನ ಹೋಗಬೇಕು. ಏಳು ಶುದ್ಧವಾಗಿ ಬಂದಿದ್ದವು, ಉಳಿದದ್ದು ಒಂದು. ಕಾರ್ಖಾನೆಯೊಂದರ ಅಂಗಳದಲ್ಲಿ ದೊಡ್ಡ ಲೋಡರ್ ಓಡಿಸುವ ಕೆಲಸ ಅವರಿಗಾಗಿ ಕಾಯುತ್ತಿತ್ತು. ಡಿಸೆಂಬರ್ ಕೊನೆಯೊಳಗೆ ಲೈಸೆನ್ಸ್ ತೋರಿಸಬೇಕು. ಒಂದೇ ಒಂದು ಸ್ಯಾಂಪಲ್ ಕೆಟ್ಟರೆ ಮತ್ತೆ ಮೊದಲಿನಿಂದ ಒಂದು ವರ್ಷ.

ಇದೆಲ್ಲವನ್ನೂ ನಾನು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡು, ಅವರಿಗೆ ಮೂರನೆಯ ಬೋಗುಣಿ ಪಾಯಸ ಬಡಿಸಿದೆ.

ಮೂರೂವರೆಗೇ ಕತ್ತಲಾಗತೊಡಗಿತು. ಬಸ್ಸಿನಲ್ಲಿ ದೀಪಾಳ ಮನೆಗೆ ಹೋದೆ. ಅವಳ ಐದು ವರ್ಷದ ಮಗಳು ತಾರಾಳನ್ನು ಊಟ ಆಯಿತಾ ಎಂದು ಕನ್ನಡದಲ್ಲಿ ಕೇಳಿದರೆ ಉತ್ತರ ಸ್ವೀಡಿಷ್‌ನಲ್ಲಿ ಬಂತು. ಚಪಾತಿ, ಬಟಾಣಿ ಪಲ್ಯ ತಿಂದು ಬೇಗ ಮಲಗಿದೆ. ಒಳ್ಳೆಯ ಇಂಟರ್‌ವ್ಯೂ ಸಿಕ್ಕಿತೆಂಬ ನೆಮ್ಮದಿಯಿಂದ ಗಾಢ ನಿದ್ದೆ ಬಂತು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮತ್ತೆ ಹೋದೆ. ನನ್ನ ವಾಪಸು ರೈಲು ಒಂದೂಕಾಲಿಗೆ. ಕರ್ಟಿಸ್ ಆಗತಾನೆ ಹೊರಗಿನಿಂದ ಬಂದು ಬೂಟು ಬಿಚ್ಚುತ್ತಿದ್ದರು. ಚಳಿಗೆ ಮುಖ ಬಿಗಿದಿತ್ತು, ಆದರೆ ನಗುತ್ತಿದ್ದರು.

"ಏಳೂವರೆಗೆ ಮೆಸೇಜ್ ಬಂತು. ಹೋಗಿ ಕೊಟ್ಟುಬಂದೆ. ಎಂಟನೆಯದು. ಮುಗಿಯಿತು."

ಆನ್‌ಮರೀ ಹೊಸ ಮೇಜುಬಟ್ಟೆ ಹಾಸಿದ್ದರು. ನಾನು ಅಭಿನಂದನೆ ಹೇಳಿ ರೆಕಾರ್ಡರ್ ಒತ್ತಿದೆ. ಜೈಲಿನಿಂದ ಬಂದ ಮೇಲಿನ ದಿನಗಳ ಬಗ್ಗೆ ಕೇಳಿದೆ. ಬಿಡುಗಡೆಯಾದರೂ ಮೂರು ವರ್ಷ ಅಧಿಕಾರಿಯ ನಿಗರಾಣಿ, ಕರೆದಾಗಲೆಲ್ಲ ಮೂತ್ರ ಪರೀಕ್ಷೆ. ಅವರ ಜೊತೆಗೇ ಬಿಡುಗಡೆಯಾದ ಗೆಳೆಯ ಲಿಯಾನ್ ಒಮ್ಮೆ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ತಾನು ಏನೂ ಸೇವಿಸಿಲ್ಲ, ಮೇಲೆ ಗಸಗಸೆ ಉದುರಿಸಿದ ಬ್ರೆಡ್ಡು ತಿಂದಿದ್ದೆ ಅಷ್ಟೇ ಎಂದು ಹೇಳಿದ.

"ಅಧಿಕಾರಿ ನಕ್ಕುಬಿಟ್ಟ. ಪ್ರತಿಯೊಬ್ಬನೂ ಅದೇ ಕಥೆ ಹೇಳುತ್ತಾನೆ, ಹೊಸದೇನಾದರೂ ಇದ್ದರೆ ಹೇಳು ಅಂದ. ಲಿಯಾನ್ ಹನ್ನೊಂದು ತಿಂಗಳಿಗೆ ವಾಪಸು ಒಳಗೆ ಹೋದ."

ಆಮೇಲಿನ ಮಾತು ನನ್ನ ಕಿವಿಗೆ ಬೀಳಲಿಲ್ಲ. ಗಸಗಸೆ ಬರುವುದು ಅಫೀಮಿನ ಗಿಡದ ಕಾಯಿಯಿಂದಲೇ. ಆ ಕಾಯಿಯಿಂದ ಒಸರುವ, ಮಾರ್ಫಿನ್ ಇರುವ ಹಾಲಿನ ಅಂಶ ಬೀಜದ ಮೈಗೆ ಅಂಟಿರುತ್ತದೆ. ತಿಂದವರು ಎರಡು ದಿನದವರೆಗೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಈ ಕಾರಣಕ್ಕೇ ಅಮೆರಿಕದಲ್ಲಿ ನೌಕರರ ಪರೀಕ್ಷೆಯ ಮಿತಿಯನ್ನು ತೊಂಬತ್ತರ ದಶಕದ ಕೊನೆಗೆ ಹಲವು ಪಟ್ಟು ಏರಿಸಿದರು. ಇದನ್ನು ಬರೆದವಳು ನಾನೇ, ನನ್ನದೇ ಪುಸ್ತಕದ ಐದನೆಯ ಅಧ್ಯಾಯದಲ್ಲಿ. ಆದರೆ ಒಲೆಯ ಮುಂದೆ ನಿಂತವಳಿಗೆ ಅದು ಅಫೀಮಿನ ಗಿಡದ ಬೀಜ ಅನಿಸಲೇ ಇಲ್ಲ. ಅದು ಪಾಯಸ, ಅಷ್ಟೇ.

ರೆಕಾರ್ಡರ್ ನಿಲ್ಲಿಸಿದೆ. ನಿನ್ನೆ ನಮ್ಮೂರ ಸಿಹಿ ಎಂದಷ್ಟೇ ಹೇಳಿ ಬಡಿಸಿದ ಪಾಯಸದಲ್ಲಿ ಇದ್ದದ್ದು ರುಬ್ಬಿದ ಗಸಗಸೆ ಎಂದು ಹೇಳಿದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಮೇಜುಬಟ್ಟೆ ನೋಡುತ್ತಿದ್ದೆ.

ಆನ್‌ಮರೀ ಕೈಯಲ್ಲಿದ್ದ ಕಾಫಿ ಕೆಟಲನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಕರ್ಟಿಸ್, "ನೀವು ಯಾರಿಗೂ ಏನೂ ಹೇಳಬೇಡಿ," ಎಂದರು.

"ಈಗಲೇ ಕ್ಲಿನಿಕ್ಕಿಗೆ ಹೋಗಿ ಹೇಳೋಣ. ಫಲಿತಾಂಶ ಬರುವ ಮೊದಲೇ ಹೇಳಿದರೆ..."

"ಯಾರು ನಂಬುತ್ತಾರೆ? ಜಗತ್ತಿನಲ್ಲಿ ನಾನು ಹೇಳಲಾರದ ಮಾತು ಅದೊಂದೇ." ಅವರ ದನಿ ಏರಲಿಲ್ಲ. "ಲಿಯಾನ್‌ಗೆ ಒಬ್ಬ ಸಾಕ್ಷಿ ಇದ್ದ. ಆ ಬೆಳಿಗ್ಗೆ ಒಂದೇ ಚೀಲದ ಬ್ರೆಡ್ಡನ್ನು ಇಬ್ಬರೂ ತಿಂದಿದ್ದೆವು. ಬಾಯಿ ಬಿಟ್ಟರೆ ನನ್ನನ್ನೂ ಪರೀಕ್ಷೆಗೆ ಕಳಿಸುತ್ತಾರೆ ಎಂದು ಹೆದರಿ ಸುಮ್ಮನಿದ್ದೆ. ಅವನು ನನ್ನನ್ನೇ ನೋಡುತ್ತಿದ್ದ."

ಆನ್‌ಮರೀಗೂ ಇದು ಗೊತ್ತಿರಲಿಲ್ಲ ಎಂದು ಅವರ ಮುಖವೇ ಹೇಳಿತು. ಹದಿನೇಳು ವರ್ಷ ಸಂಸಾರ ಮಾಡಿದ ಗಂಡನನ್ನು ಹೊಸಬನನ್ನು ನೋಡುವಂತೆ ನೋಡಿದರು. ನಂತರ ಎದ್ದು ಗಂಡನ ಕೋಟನ್ನು ತಂದು ಕುರ್ಚಿಯ ಬೆನ್ನಿಗೆ ಹಾಕಿದರು.

ನನಗೆ ಒಂದೂಕಾಲರ ರೈಲಿತ್ತು. ಸುಮ್ಮನೆ ಕ್ಷಮೆ ಕೇಳಿ ಹೊರಟುಬಿಡಬಹುದಿತ್ತು, ಮನಸ್ಸು ಆ ಕಡೆಗೆ ಒಮ್ಮೆ ವಾಲಿದ್ದೂ ನಿಜ. ನನ್ನ ವಿಭಾಗಕ್ಕೆ ತಿಳಿದರೆ ಸಂಶೋಧನೆಗೇ ಕುತ್ತು ಬರಬಹುದಿತ್ತು. ಆದರೆ ಅಂದು ಲಿಯಾನ್ ಎದುರು ಕರ್ಟಿಸ್ ಇದ್ದ ಜಾಗದಲ್ಲಿ ಈಗ ನಾನು ಕೂತಿದ್ದೆ. "ನೀವು ಏನೂ ಹೇಳಬೇಡಿ. ನಾನು ಹೇಳುತ್ತೇನೆ," ಎಂದೆ.

ಕ್ಲಿನಿಕ್ಕಿಗೆ ಇಪ್ಪತ್ತು ನಿಮಿಷದ ನಡಿಗೆ. ಮೂವರೂ ಹೊರಟೆವು. ಸ್ವೀಡನ್ನಿನ ಕಾನೂನೇನೂ ಮೆತ್ತಗಿನದಲ್ಲ. ಇಲ್ಲಿ ಮಾದಕವಸ್ತು ಇಟ್ಟುಕೊಳ್ಳುವುದಷ್ಟೇ ಅಲ್ಲ, ಸೇವಿಸುವುದೂ ಅಪರಾಧ. ನಡುವಯಸ್ಸಿನ ನರ್ಸ್ ನನ್ನ ಮುರುಕು ಸ್ವೀಡಿಷ್ ಕೇಳಿ ಮೊದಲು ಕರ್ಟಿಸ್ ಕಡೆ ನೋಡಿದರು. ಆ ನೋಟ ಕಂಡು ಕರ್ಟಿಸ್ ಗೋಡೆಯ ಕಡೆ ತಿರುಗಿ ನಿಂತರು.

"ಗಸಗಸೆಯ ಮಾತು ಇಲ್ಲಿ ವಾರಕ್ಕೊಂದು ಸಲ ಕೇಳುತ್ತೇನೆ," ಎಂದರು ನರ್ಸ್. "ಆದರೆ ಫಲಿತಾಂಶಕ್ಕಿಂತ ಮೊದಲು ಬಂದು ಹೇಳಿದವರು ಇಲ್ಲ. ಎಷ್ಟು ಹಾಕಿದಿರಿ?"

"ಮುಕ್ಕಾಲು ಲೋಟ."

"ಗ್ರಾಂನಲ್ಲಿ ಹೇಳಿ."

ತೂಗಿದ್ದರೆ ತಾನೆ. ಬ್ಯಾಗಿನ ತಳದಲ್ಲಿ ಅಂಗಡಿಯ ಚೀಟಿಯಿತ್ತು, ಐವತ್ತು ಗ್ರಾಂನ ಎರಡು ಪೊಟ್ಟಣ. ಅವರು ಒಂದು ಕಾಗದ ಕೊಟ್ಟು, ಮಾಡಿದ ವಿಧಾನವನ್ನು, ಬಡಿಸಿದ ಸಮಯವನ್ನು ಇಂಗ್ಲಿಷ್‌ನಲ್ಲಿ ಬರೆಯಲು ಹೇಳಿದರು. ಹುರಿದದ್ದು, ರುಬ್ಬಿದ್ದು, ಕುದಿಸಿದ್ದು, ಮೂರು ಬೋಗುಣಿ ಬಡಿಸಿದ್ದು ಎಲ್ಲ ಬರೆದು, ಹೆಸರು ಮತ್ತು ಪರ್ಸೊನ್‌ನುಮ್ಮರ್ ಹಾಕಿ ಸಹಿ ಮಾಡಿದೆ. ಈ ದೇಶದಲ್ಲಿ ಆ ಗುರುತಿನ ಸಂಖ್ಯೆ ಬರೆದ ಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ನರ್ಸ್ ಅದರ ಮೇಲೆ ಗಂಟೆ ನಿಮಿಷ ನಮೂದಿಸಿ ಫೈಲಿಗೆ ಸೇರಿಸಿದರು. ತಾನು ಏನೂ ಭರವಸೆ ಕೊಡಲಾರೆ, ತೀರ್ಮಾನ ಡಾಕ್ಟರದು ಎಂದರು.

ಕರ್ಟಿಸ್ ಆಗ ಗೋಡೆಯಿಂದ ತಿರುಗಿದರು. "ಬರೆದುಕೊಂಡರಾ?" ಎಂದು ಹೆಂಡತಿಯನ್ನು ಕೇಳಿದರು. ಆನ್‌ಮರೀ ಹೌದೆಂದು ತಲೆಯಾಡಿಸಿದರು.

ಸ್ಟೇಷನ್ನಿಗೆ ಅವರಿಬ್ಬರೂ ಬಂದರು. ರೈಲು ಹೊರಟ ಮೇಲೆ ಡಬ್ಬಿ ಅವರ ಮನೆಯಲ್ಲೇ ಉಳಿಯಿತೆಂಬುದು ನೆನಪಾಯಿತು. ಕಿಟಕಿಯಿಂದ ನೋಡಿದರೆ ಇಬ್ಬರೂ ಪ್ಲಾಟ್‌ಫಾರ್ಮಿನಲ್ಲಿ ಸ್ವಲ್ಪ ಅಂತರದಲ್ಲಿ ನಿಂತಿದ್ದರು.

ಮೂರು ವಾರದ ನಂತರ ಅಂಚೆಯಲ್ಲಿ ಡಬ್ಬಿ ಬಂತು. ಒಳಗೆ ಏಲಕ್ಕಿ ಬನ್ನುಗಳು, ಎರಡು ಕಾಗದ. ಮೊದಲನೆಯದು ಆನ್‌ಮರೀ ಬರೆದದ್ದು: ಸ್ಯಾಂಪಲ್‌ನಲ್ಲಿ ಮಾರ್ಫಿನ್ ಸಿಕ್ಕಿದೆ. ಡಾಕ್ಟರು ನಿಮ್ಮ ಕಾಗದ ಓದಿ ವರ್ಷವನ್ನು ಮೊದಲಿನಿಂದ ಎಣಿಸುವುದಿಲ್ಲ ಎಂದಿದ್ದಾರೆ, ಆದರೆ ಇನ್ನೂ ಎರಡು ಸ್ಯಾಂಪಲ್ ಕೊಡಬೇಕು. ಡಿಸೆಂಬರ್‌ನ ಕೆಲಸ ಕೈತಪ್ಪಿತು. ವಸಂತದಲ್ಲಿ ಮತ್ತೆ ಕೇಳಿನೋಡಲು ಹೇಳಿದ್ದಾರೆ.

ಎರಡನೆಯದು ಕರ್ಟಿಸ್ ಕೈಬರಹ. ನಾನು ಕ್ಲಿನಿಕ್ಕಿನಲ್ಲಿ ಬರೆದಂತೆಯೇ ಬರೆದಿದ್ದರು. ಯಾವ ಬೀದಿಯ ಬೇಕರಿ, ಎಷ್ಟು ಗಂಟೆ, ಚೀಲದಲ್ಲಿ ಎಷ್ಟು ಬ್ರೆಡ್ಡು, ಲಿಯಾನ್ ಎಷ್ಟು ತಿಂದ, ತಾನು ಎಷ್ಟು ತಿಂದೆ. ಕೆಳಗೆ ಸಹಿ, ಪರ್ಸೊನ್‌ನುಮ್ಮರ್, ದಿನಾಂಕ, ಗಂಟೆ, ನಿಮಿಷ. ಲಿಯಾನ್ ತೀರಿಕೊಂಡು ಒಂಬತ್ತು ವರ್ಷವಾಯಿತು, ಇದನ್ನು ಕೊಡಲು ಇನ್ನು ಯಾವ ಕಚೇರಿಯೂ ಇಲ್ಲ, ನೀವೇ ಇಟ್ಟುಕೊಳ್ಳಿ, ಎಲ್ಲಿ ಬರೆದರೂ ನನ್ನ ಹೆಸರು ಬದಲಾಯಿಸಬೇಡಿ ಎಂದಿತ್ತು.

ಬದಲಾಯಿಸಿಲ್ಲ.