ನಾಲಿಗೆಯಡಿಯ ಡೈನಮೈಟು

ಮೊನ್ನೆ ಸೊಸೆ ಮಂಜುಳ ನನ್ನ ಮಾತ್ರೆಗಳನ್ನೆಲ್ಲ ಔಷಧಿ ಅಂಗಡಿಯಿಂದ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಅವಳಿಗೆ ಅಚ್ಚುಕಟ್ಟು ಸ್ವಲ್ಪ ಜಾಸ್ತಿ. ಸೋಮವಾರ, ಮಂಗಳವಾರ ಎಂದು ಖಾನೆ ಮಾಡಿರುವ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದಿಟ್ಟಿದ್ದಾಳೆ. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆ, ಎಲ್ಲವೂ ಅದರೊಳಗೆ ಹೋಗಿ ಸಾಲಾಗಿ ಮಲಗಬೇಕು. ಕೊನೆಗೆ ಒಂದು ಪುಟ್ಟ ಕಂದು ಗಾಜಿನ ಬಾಟಲಿ ಉಳಿಯಿತು. ಅದನ್ನು ಕಿವಿಯ ಹತ್ತಿರ ಹಿಡಿದು ಗಿಲಗಿಲ ಅಲ್ಲಾಡಿಸಿದಳು. ಮುಚ್ಚಳ ತಿರುವಲು ಹೋದಳು.

"ಅದೊಂದನ್ನ ತೆಗೀಬೇಡ ಕಣೆ. ಅದು ಬಾಟಲಿಯಲ್ಲೇ ಇರಲಿ," ಎಂದೆ. ದನಿ ನಾನು ಅಂದುಕೊಂಡಿದ್ದಕ್ಕಿಂತ ಜೋರಾಗಿ ಬಂತು.

"ಯಾಕತ್ತೆ, ಬಾಂಬಾ?" ಎಂದು ನಕ್ಕಳು.

ನಾನೂ ನಕ್ಕೆ. ಆದರೆ ನೋಡಿ, ಅವಳು ತಮಾಷೆಗೆ ಆಡಿದ ಈ ಮಾತನ್ನು ಒಂಚೂರೂ ನಗದೆ ಆಡಿದ್ದ ಮನುಷ್ಯರೊಬ್ಬರು ನಮ್ಮ ಮನೆಯಲ್ಲಿದ್ದರು. ನನ್ನ ಮಾವ, ಪಿಳ್ಳಪ್ಪನವರು. ಆ ಗಿಲಗಿಲ ಸದ್ದು ಕೇಳಿದ್ದೇ ತಡ, ನಾನು ಬಂಗಾರಪೇಟೆಯ ಈ ಮನೆಯಿಂದೆದ್ದು ಮೈಸೂರು ಮೈನ್ಸ್ ಲೈನಿನ, ಅಂದರೆ ಗಣಿ ಕೆಲಸಗಾರರ ಸಾಲುಮನೆಯ, ತಗಡಿನ ಚಾವಣಿಯ ಕೆಳಗೆ ಹೋಗಿ ನಿಂತೆ. ನನ್ನ ವಯಸ್ಸಿನವರಿಗೆ ಇಂಥ ಪ್ರಯಾಣಕ್ಕೆ ಟಿಕೆಟ್ಟು ಬೇಕಾಗುವುದಿಲ್ಲ.

ನಾನು ಬೂದಿಕೋಟೆ ಕಡೆಯ ಹಳ್ಳಿಯವಳು. ಹಸು, ಹಾಲು, ರಾಗಿ ಹೊಲ ಇಷ್ಟೇ ನನ್ನ ಲೋಕ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಮದುವೆಯಾಗಿ ಚಿನ್ನದ ಗಣಿಯ ಊರಿಗೆ ಬಂದ ಹೊಸದರಲ್ಲಿ, ಒಂದು ದಿನ ಊಟಕ್ಕೆ ಕೂತಿದ್ದಾಗ ನೆಲದೊಳಗೆ ಗುಡುಗಿದಂತಾಯಿತು. ಗೂಡಿನ ಮೇಲಿದ್ದ ಲೋಟಗಳೆಲ್ಲ ಒಂದಕ್ಕೊಂದು ತಾಕಿ ಸದ್ದು ಮಾಡಿದವು. ನಾನು ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಬೀದಿಗೆ ಓಡಿದೆ. ಅಲ್ಲಿ ನೋಡಿದರೆ ನನ್ನ ಹಾಗೆ ಓಡಿಬಂದವರು ಒಬ್ಬರೂ ಇಲ್ಲ. ತಲೆ ತಗ್ಗಿಸಿಕೊಂಡು ಒಳಗೆ ಬಂದರೆ ಮಾವ ಮುದ್ದೆ ಮುರಿಯುತ್ತಲೇ ಇದ್ದರು.

"ಕುಂತ್ಕೊಂಡು ಉಣ್ಣು ಅಮ್ಮಣ್ಣಿ. ಕೆಳಗೆ ಕಲ್ಲು ಬಿರಿದೈತೆ ಅಷ್ಟೆ. ನಾವು ಅದರ ಒಟ್ಟೆ ಕೊರೀತೀವಿ, ಅದು ಒಂದ್ಸಲ ನರಳಬಾರ್ದಾ?"

ಮಾವ ಇಂಥವರು. ಜೀವಮಾನವಿಡೀ ಗಣಿಯೊಳಗೆ ಬ್ಲಾಸ್ಟರ್ ಆಗಿದ್ದವರು. ಬಂಡೆಗೆ ಕೊರೆದ ತೂತುಗಳಲ್ಲಿ ಡೈನಮೈಟು ತುಂಬಿ, ಬತ್ತಿ ಹಚ್ಚಿ, ಸಿಡಿಸುವ ಕೆಲಸ. ನಾನು ಬರುವ ಹೊತ್ತಿಗೆ ಅವರು ನಿವೃತ್ತರಾಗಿ, ಮನೆ ನಮ್ಮ ಯಜಮಾನರ ಹೆಸರಿಗೆ ಆಗಿತ್ತು. ಅವರೂ ಗಣಿಗೇ ಇಳಿಯುತ್ತಿದ್ದರು. ಕೆಲಸ ಬಿಟ್ಟರೂ ಕೆಲಸ ಮಾವನನ್ನು ಬಿಟ್ಟಿರಲಿಲ್ಲ. ಹೊಸ ಮನೆಗೆ ಕಾಲಿಟ್ಟರೆ, ಬಂಡೆ ಗಟ್ಟಿಯೋ ಟೊಳ್ಳೋ ಎಂದು ನೋಡುವ ಹಾಗೆ, ಮೊದಲು ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದರು. ನಡೆಯುವುದನ್ನಂತೂ ನೀವು ನೋಡಬೇಕಿತ್ತು. ಬೀದಿನಾಯಿ ಅಟ್ಟಿಸಿಕೊಂಡು ಬಂದರೂ ಓಡುತ್ತಿರಲಿಲ್ಲ. ಬತ್ತಿ ಹಚ್ಚಿದವನು ಓಡಿದರೆ ಎಡವುತ್ತಾನೆ, ನಿಂತರೆ ಸಾಯುತ್ತಾನೆ, ಹಾಗಾಗಿ ಒಂದೇ ಸಮ ನಡೆಯಬೇಕು ಎನ್ನುವುದು ಅವರ ಮೈಯೊಳಗೇ ಕೂತುಬಿಟ್ಟಿತ್ತು.

ಅಂಥವರು ಮಾರ್ಕೆಟ್ಟಿನಿಂದ ಬರುವಾಗ ಏರಿನಲ್ಲಿ ನಿಲ್ಲತೊಡಗಿದರು. ಚೀಲ ಕೆಳಗಿಟ್ಟು, ಗಣಿಗೆ ಇಳಿಯುವ ಶಾಫ್ಟಿನ ಮೇಲೆ ತಿರುಗುವ ದೊಡ್ಡ ಚಕ್ರವನ್ನು ಹೊಸದಾಗಿ ಕಂಡವರಂತೆ ನೋಡುತ್ತ ನಿಲ್ಲುವುದು. "ಚಕ್ರ ಇವತ್ತು ನಿಧಾನ ತಿರುಗ್ತಾ ಐತಲ್ಲ," ಎನ್ನುವುದು. ಚಕ್ರ ಎಂದಿನಂತೆಯೇ ತಿರುಗುತ್ತಿತ್ತು. ಅವರ ಅಂಗೈ ಮಾತ್ರ ಎದೆಯ ನಡುವೆ ಒತ್ತಿಕೊಂಡಿರುತ್ತಿತ್ತು. ಅತ್ತೆ ಅದನ್ನು ಗ್ಯಾಸು ಎಂದರು, ಓಮ ಕುದಿಸಿ ಕೊಟ್ಟರು. ಗ್ಯಾಸಾಗಿದ್ದರೆ ಏರಿನಲ್ಲೇ ಬಂದು ಇಳಿಜಾರಿನಲ್ಲಿ ಯಾಕೆ ಹೋಗುತ್ತದೆ ಎಂದು ನನಗೆ ಅನುಮಾನ. ಆದರೆ ಹೊಸ ಸೊಸೆ, ಬಾಯಿ ಬಿಡುವುದು ಹೇಗೆ?

ಗಣಿಯ ಆಸ್ಪತ್ರೆಗೆ ಹೋದರೆ ಲೈನಿಗೆಲ್ಲ ಗೊತ್ತಾಗುತ್ತದೆ ಎಂದು ಮಾವ ರೈಲು ಹತ್ತಿ ಬಂಗಾರಪೇಟೆಯ ಡಾಕ್ಟರೊಬ್ಬರ ಹತ್ತಿರ ಹೊರಟರು. ಯಜಮಾನರಿಗೆ ಶಿಫ್ಟು, ಓದು ಬಲ್ಲವಳೆಂದು ನನ್ನನ್ನು ಜೊತೆಗೆ ಕಳಿಸಿದರು. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, ನೋವು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ವಿಚಾರಿಸಿ, ಇದು ಹೃದಯಕ್ಕೆ ರಕ್ತ ಸಾಲದೆ ಬರುವ ನೋವು ಎಂದರು. ಒಂದು ಪುಟ್ಟ ಕಂದು ಬಾಟಲಿ ಕೊಟ್ಟರು.

"ನೋಡಿ ಯಜಮಾನರೇ, ನೋವು ಬಂದ ತಕ್ಷಣ ಮೊದಲು ಕೂತುಕೊಳ್ಳಿ. ಒಂದು ಮಾತ್ರೆ ನಾಲಿಗೆ ಕೆಳಗಿಟ್ಟು ಕರಗಿಸಿ. ನುಂಗಬೇಡಿ. ಐದು ನಿಮಿಷದಲ್ಲಿ ಹೋಗಲಿಲ್ಲ ಅಂದರೆ ಇನ್ನೊಂದು ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ, ಕಾಯುತ್ತ ಇರಬೇಡಿ. ಮಾತ್ರೆ ಬಾಟಲಿಯಲ್ಲೇ ಇರಬೇಕು, ಮುಚ್ಚಳ ಬಿಗಿಯಾಗಿರಬೇಕು. ಗಾಳಿ, ಬಿಸಿ ತಾಗಿದರೆ ಕೆಟ್ಟುಹೋಗುತ್ತೆ. ಚೆನ್ನಾಗಿರೋ ಮಾತ್ರೆ ನಾಲಿಗೆಗೆ ಚುರ್ ಅನ್ನುತ್ತೆ."

ಮಾವ ಎಲ್ಲದಕ್ಕೂ ತಲೆಯಾಡಿಸಿದರು. ಗಣಿಯ ಮೇಸ್ತ್ರಿ ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಆಮೇಲೆ ತಮಗೆ ತಿಳಿದಂತೆ ಮಾಡುವವರು ಆಡಿಸುವ ತಲೆ ಅದು. ನನಗೆ ಆಗ ಗೊತ್ತಾಗಲಿಲ್ಲ.

ವಾಪಸು ಬರುವಾಗ ಸ್ಟೇಷನ್ನಿನ ಮೆಟ್ಟಿಲಿನಲ್ಲೇ ನೋವು ಬಂತು. ಬೆಂಚಿನ ಮೇಲೆ ಕೂರಿಸಿ ನಾನೇ ಮಾತ್ರೆ ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಎದೆಯ ಕೈ ಕೆಳಗಿಳಿಯಿತು. ನನಗೆ ಉಸಿರು ಬಂತು ಅನ್ನುವಷ್ಟರಲ್ಲಿ ಎರಡೂ ಕೈಯಲ್ಲಿ ಹಣೆ ಒತ್ತಿಕೊಂಡರು. ಹಣೆ ಒತ್ತಿಕೊಂಡೇ ನಗತೊಡಗಿದರು.

"ಅಮ್ಮಣ್ಣಿ, ಇದು ನಮ್ಮದೇ ಕಣಮ್ಮ. ಡೈನಮೇಟು."

ಬಿಸಿಲಿಗೆ ಏನೋ ಆಯಿತೆಂದು ನನಗೆ ಗಾಬರಿ.

"ಈ ತಲೆನೋವು ನಂಗೆ ಗೊತ್ತಿಲ್ವಾ? ಬಾನುವಾರ ಒಂದಿನ ರಜ ಮಾಡಿ ಸೋಮವಾರ ಡೈನಮೇಟು ಮುಟ್ಟಿದ್ರೆ ಇಂಗೇ ತಲೆ ಡಂ ಡಂ ಅಂತಿತ್ತು. ಮಂಗಳವಾರಕ್ಕೆ ಒಗ್ಗೋಗದು. ಕೆಲವರು ಬಾನುವಾರವೂ ಅದರ ಕಾಗದದ ಚೂರು ಪೇಟದಾಗೆ ಸಿಕ್ಕಿಸ್ಕೊಂಡು ಓಡಾಡೋರು, ಸೋಮವಾರದ ನೋವು ತಪ್ಪಲಿ ಅಂತ."

ಮುಂದಿನ ಸಲ ಹೋದಾಗ ನಾನು ನಾಚಿಕೊಂಡೇ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ನಕ್ಕರು. ಮಾವ ಹೇಳಿದ್ದು ನಿಜ, ಡೈನಮೈಟಿನಲ್ಲಿರುವುದೂ ಇದೇ ವಸ್ತು. ಆದರೆ ಇದರಲ್ಲಿ ಇರುವುದು ಎಳ್ಳಿನಷ್ಟೂ ಅಲ್ಲ, ಬೇರೆ ಪುಡಿಯಲ್ಲಿ ಬೆರೆಸಿದ್ದು, ಸಿಡಿಯುವುದಿಲ್ಲ ಎಂದು ವಿವರಿಸಿದರು. ಮಾವನ ಕಿವಿಗೆ ಮೊದಲ ಅರ್ಧ ಮಾತ್ರ ಬಿತ್ತು. ಅಲ್ಲಿಂದಾಚೆಗೆ ಡಾಕ್ಟರ ಮಾತು ಮೂಲೆಗೆ ಹೋಯಿತು, ಗಣಿಯ ಕಾನೂನು ಜಾರಿಗೆ ಬಂತು.

ಡೈನಮೈಟು ಒಲೆಯಿರುವ ಮನೆಯಲ್ಲಿರಬಾರದು. ಬಾಟಲಿ ಒಲೆಯಿಲ್ಲದ ಹಿತ್ತಲ ಬಚ್ಚಲುಮನೆಯ ಗೂಡಿಗೆ ಹೋಯಿತು. ಉಗ್ರಾಣದಿಂದ ಆಯಾ ಕೆಲಸಕ್ಕೆ ಬೇಕಾದಷ್ಟನ್ನೇ ಈಚೆ ತರಬೇಕು. ಹಾಗಾಗಿ ಭಾನುವಾರ ಭಾನುವಾರ ಬಾಟಲಿಯಿಂದ ನಾಲ್ಕಾರು ಮಾತ್ರೆ ತೆಗೆದು ಹಳೆಯ ನಸ್ಯದ ಡಬ್ಬಿಗೆ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಇಷ್ಟು ವರ್ಷ ಅದರ ಜೊತೆ ಸಂಸಾರ ಮಾಡಿದ್ದು ಸಾಲ್ದು ಅಂತ ಈಗ ಬಾಯೊಳಕ್ಕೂ ಮಡಿಕ್ಕೊಂಡ್ರು," ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಬಾಟಲಿಯಲ್ಲೇ ಇರಲಿ ಮಾವ ಎಂದು ನಾನು ಒಂದೆರಡು ಸಲ ಅಂದೆ. "ನಂಗೆ ಏಳ್ಕೊಡ್ತೀಯಾ?" ಎಂದು ಅವರು ನಗುತ್ತಲೇ ಬಾಯಿ ಮುಚ್ಚಿಸಿದರು.

ಒಂದು ಬೆಳಿಗ್ಗೆ ಲೈನಿನ ನಲ್ಲಿಯ ಹತ್ತಿರ ಕೊಡಗಳು ಉರುಳಿದ ಸದ್ದು. ಪಕ್ಕದ ಮನೆಯ ಸೆಲ್ವಮ್ಮ "ಐಯೋ ತಾತಾ, ಎನ್ನಾಚ್ಚು?" ಎಂದು ತನ್ನ ತಮಿಳಿನಲ್ಲಿ ಕೂಗಿದಳು. ನಾನು ಓಡಿಹೋದರೆ ಮಾವ ನೀರಿನಲ್ಲಿ ಬಿದ್ದಿದ್ದರು, ಹುಬ್ಬು ಒಡೆದು ರಕ್ತ. ಮನೆಯ ಜಗಲಿಯಲ್ಲಿ ಕೂತಿದ್ದವರು ಮಾತ್ರೆ ನಾಲಿಗೆ ಕೆಳಗಿಟ್ಟ ಕೂಡಲೇ ಎದ್ದು ನಡೆದಿದ್ದಾರೆ. ಆ ಮಾತ್ರೆ ರಕ್ತದ ಒತ್ತಡ ಇಳಿಸುತ್ತದೆ, ನಿಂತವರಿಗೆ ಕಣ್ಣು ಕತ್ತಲಿಡುತ್ತದೆ. ಡಾಕ್ಟರು ಕೂತುಕೊಳ್ಳಿ ಎಂದದ್ದು ಇದಕ್ಕೇ. ಅರಿಶಿನ ಒತ್ತುತ್ತ, ಯಾಕೆ ಮಾವ ಎದ್ದು ಹೋದಿರಿ ಎಂದು ಕೇಳಿದೆ.

"ಬತ್ತಿ ಅಚ್ಚಿದ ಮ್ಯಾಲೆ ಯಾವನಮ್ಮ ಅಲ್ಲೇ ಕುಂತ್ಕೊತಾನೆ?" ಎಂದರು.

ಜೀವ ಉಳಿಸಿದ ಅಭ್ಯಾಸವೇ ಈಗ ಜೀವಕ್ಕೆ ಮುಳುವಾಗುತ್ತಿದೆ ಎಂದು ಅವರಿಗೆ ತಿಳಿಹೇಳುವ ವಯಸ್ಸೂ ನನ್ನದಲ್ಲ, ಸ್ಥಾನವೂ ಅಲ್ಲ. ಹುಬ್ಬಿನ ಗಾಯವೇ ಹೇಳಿತು. ಆಮೇಲೆ ಕೂತೇ ಹಾಕಿಕೊಳ್ಳುತ್ತಿದ್ದರು. ಡಬ್ಬಿ ಮಾತ್ರ ಸೊಂಟದಲ್ಲೇ ಉಳಿಯಿತು.

ಇನ್ನೊಂದು ದಿನ, ಅತ್ತೆ ತಮ್ಮ ತಂಗಿಯನ್ನು ನೋಡಲು ಕಾಮಸಮುದ್ರದ ಬಸ್ಸು ಹತ್ತಿದ್ದರು. ಯಜಮಾನರು ಶಿಫ್ಟಿನಲ್ಲಿ, ನೆಲದ ಕೆಳಗೆ. ಮಧ್ಯಾಹ್ನ ನಾನು ರಾಗಿ ಕೇರುತ್ತಿದ್ದೆ. ಮಾವ ಜಗಲಿಯಿಂದ ಒಳಗೆ ಬಂದು ಗೋಡೆಗೆ ಒರಗಿ ಕೂತರು. ಮುಖ ಬೆವರಿತ್ತು, ತುಟಿ ಬಣ್ಣ ಕಳೆದುಕೊಂಡಿತ್ತು. ಡಬ್ಬಿ ತೆಗೆದು ಮಾತ್ರೆ ಇಟ್ಟುಕೊಂಡರು. ನಾನು ಮೊರ ಬಿಟ್ಟು ಎದುರಿಗೆ ಕೂತೆ. ಗೋಡೆಯ ಗಡಿಯಾರದ ಮುಳ್ಳು ಸರಿಯಿತು. ಅವರ ಅಂಗೈ ಎದೆಯಿಂದ ಇಳಿಯಲಿಲ್ಲ.

"ನಾಲಿಗೆ ಚುರ್ ಅಂತಾ ಐತಾ ಮಾವ?"

"ಇಲ್ಲ. ಸೀಮೆಸುಣ್ಣ ತಿಂದಂಗೈತೆ."

"ತಲೆನೋವು?"

"ಅದೂ ಇಲ್ಲ. ಇದು ಸಿಡೀಲಿಲ್ಲ ಅಮ್ಮಣ್ಣಿ. ಕಾಯಬೇಕು."

ಅವರು ಶಾಂತವಾಗಿ ಹೇಳಿದರು. ಗಣಿಯಲ್ಲಿ ತೂತು ಸಿಡಿಯದೆ ಉಳಿದರೆ ಯಾರೂ ಹತ್ತಿರ ಹೋಗಕೂಡದು. ಬತ್ತಿ ಒಳಗೊಳಗೇ ಉರಿಯುತ್ತಿರಬಹುದು. ಅವಸರ ಮಾಡಿ ಹೋದವರು ಚೂರಾದದ್ದನ್ನು ಮಾವ ಕಣ್ಣಾರೆ ಕಂಡಿದ್ದರು. ಅರ್ಧ ಗಂಟೆ ಕೂತು ಕಾಯುವುದೇ ಅಲ್ಲಿ ಬುದ್ಧಿವಂತಿಕೆ. ಆ ಬುದ್ಧಿಯನ್ನೇ ಹಿಡಿದುಕೊಂಡು ನನ್ನೆದುರು ಅವರು ಬಿಳಿಚಿಕೊಳ್ಳುತ್ತಿದ್ದರು.

"ಆಸ್ಪತ್ರೆಗೆ ಓಗಾನ ಮಾವ. ಸೆಲ್ವಮ್ಮನ್ನ ಜಟಕಾ ತರೋಕೆ ಕಳಿಸ್ತೀನಿ."

"ಕುಂತ್ಕೊ. ಸಿಡೀದಿರೋ ತೂತಿನ ತಾವ ಯಾರೂ ಓಗಬಾರ್ದು. ಅದು ಕಾನೂನು."

ಅವರ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿರಲಿಲ್ಲ. ಅಳು ಬಂತು. ಅಳುತ್ತಲೇ ನನ್ನ ಬಾಯಿಂದ ಅದು ಹೇಗೋ ಹೊರಬಿತ್ತು.

"ಮಾವ, ಆ ತೂತಿನ ತಾವ ಆಳು ಸಿಕ್ಕಾಕ್ಕೊಂಡಿದ್ರೆ? ಆಗ್ಲೂ ಅರ್ಧ ಗಂಟೆ ಕಾಯ್ತಿದ್ರಾ ನೀವು?"

ಅವರು ಕಣ್ಣೆತ್ತಿ ನನ್ನನ್ನು ನೋಡಿದರು. ಅಷ್ಟು ನೇರವಾಗಿ ಹಿಂದೆಂದೂ ನೋಡಿರಲಿಲ್ಲ.

"ಇಲ್ಲ," ಎಂದರು. "ಜಟಕಾ ಕರ್ಸು."

ಬಚ್ಚಲುಮನೆಗೆ ಓಡಿ ಬಾಟಲಿ ತಂದು, ಅದರಿಂದ ಒಂದು ಮಾತ್ರೆ ಅವರ ನಾಲಿಗೆಯ ಕೆಳಗಿಟ್ಟೆ. ಸೆಲ್ವಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಜಟಕಾದಲ್ಲಿ ಅವರನ್ನು ಒರಗಿಸಿಕೊಂಡು ಹೋಗುವಾಗ ಮೆಲ್ಲಗೆ, "ಚುರ್ ಅಂತಾ ಐತೆ," ಎಂದರು. ಆಸ್ಪತ್ರೆಯವರು, ಇದು ಬರೀ ನೋವಲ್ಲ, ಹೃದಯಾಘಾತವೇ ಆಗಿತ್ತು, ಇನ್ನಷ್ಟು ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರು. ಡಬ್ಬಿಯ ಮಾತ್ರೆಗಳು ಮೈಶಾಖಕ್ಕೆ, ಗಾಳಿಗೆ ಸತ್ತುಹೋಗಿದ್ದವು. ಅವು ಸತ್ತಿರದಿದ್ದರೂ ಕಾಯುತ್ತ ಕೂರುವುದು ತಪ್ಪೇ ಆಗುತ್ತಿತ್ತಂತೆ.

ವಾರಗಟ್ಟಲೆ ಹಾಸಿಗೆಯಲ್ಲಿದ್ದು ಮನೆಗೆ ಬಂದ ದಿನ ಮಾವ ಡಬ್ಬಿಯನ್ನು ತೆಗೆದು ತಿಪ್ಪೆಗೆ ಎಸೆದರು. ಕಂದು ಬಾಟಲಿ ಒಳಗೆ ಬಂದು, ಒಲೆಯಿಂದ ದೂರ, ಕೈಗೆಟುಕುವ ಗೂಡಿನಲ್ಲಿ ಕೂತಿತು. ನನ್ನನ್ನು ಕರೆದು ಹೇಳಿದರು: "ಇನ್ನೊಂದ್ಸಲ ಬಂದಾಗ ನಾನು ಕಾಯಾನ ಅಂದ್ರೆ ನನ್ನ ಮಾತು ಕೇಳಬ್ಯಾಡ. ಕಲ್ಲಿನ ಕೆಳಗೆ ಸಿಕ್ಕೊಂಡೋನಿಗೆ ಆಚೆದು ಏನೂ ಕಾಣಲ್ಲ. ಆಚೆ ಇರೋರೇ ನೋಡಬೇಕು." ಆಮೇಲೂ ಅವರು ಬಹಳ ವರ್ಷ ಬಾಳಿದರು. ನನ್ನ ಮಗ ನಡೆಯಲು ಕಲಿತದ್ದು ಅವರ ಬೆರಳು ಹಿಡಿದೇ. ಅದಕ್ಕೇ ಏನೋ, ಅವನೂ ಎಂದೂ ಓಡುವುದಿಲ್ಲ.

ಇಷ್ಟೆಲ್ಲ ತಿಳಿದ ನಾನು ಜಾಣೆಯಾಗಿರಬೇಕು, ಅಲ್ಲವೇ? ಕೇಳಿ. ಇವತ್ತು ಬೆಳಿಗ್ಗೆ ಮುದ್ದೆ ತಿರುವುವಾಗ ಎದೆಯ ಮೇಲೆ ಯಾರೋ ಕಲ್ಲು ಹೇರಿದಂತಾಯಿತು. ನನಗೆ ಮೊದಲು ಹೊಳೆದದ್ದು ಬಾಟಲಿಯಲ್ಲ. ಮುದ್ದೆ ಗಂಟಾಗುತ್ತದೆ, ಇದೊಂದು ಮುಗಿಸಿಬಿಡೋಣ ಎಂದು ಹೊಳೆಯಿತು. ಮಾವನಿಗೆ ಗಣಿಯ ಕಾನೂನಿದ್ದಂತೆ ನಮಗೆ ಅಡುಗೆಮನೆಯದೊಂದು ಕಾನೂನು: ಒಲೆಯ ಮೇಲಿರುವುದು ಇಳಿಯುವವರೆಗೆ ಹೆಂಗಸಿಗೆ ಏನೂ ಆಗಕೂಡದು. ಕೋಲನ್ನು ಇನ್ನೂ ಎರಡು ಸುತ್ತು ತಿರುಗಿಸಿದೆ. ಆಮೇಲೆ ನಗು ಬಂತು. ಸ್ಟೌ ಆರಿಸಿ, ಅಲ್ಲೇ ನೆಲದ ಮೇಲೆ ಗೋಡೆಗೊರಗಿ ಕೂತು, ಮಂಜುಳಾ ಎಂದು ಕೂಗಿದೆ.

ಅವಳು ಬಾಟಲಿ ತಂದಳು. ಮಾತ್ರೆ ನಾಲಿಗೆಯ ಕೆಳಗೆ ಚುರ್ ಎಂದಿತು. ಅವಳು ಮೊಬೈಲಿನಲ್ಲಿ ಸಮಯ ನೋಡುತ್ತ ನನ್ನ ಕೈ ಹಿಡಿದು ಕೂತಳು. ಬಿಗಿ ಮೆಲ್ಲಗೆ ಸಡಿಲವಾಯಿತು. ಅದರ ಹಿಂದೆಯೇ ತಲೆ ಡಂ ಡಂ ಅನ್ನತೊಡಗಿತು. ಇಷ್ಟು ವರ್ಷದ ಮೇಲೆ ಮಾವ ಬಾಗಿಲು ತಟ್ಟಿದಂತೆ ನನಗೆ ಸಮಾಧಾನವಾಯಿತು.

"ಈಗ ಹೇಗಿದೆ ಅತ್ತೆ? ಆಂಬುಲೆನ್ಸಿಗೆ ಫೋನ್ ಮಾಡಲಾ?"

"ಬೇಡ, ಇಳೀತಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗೋಣ, ಬಂದಿತ್ತು ಅಂತ ಹೇಳಬೇಕು." ಅವಳ ಕೈಯನ್ನು ಬಿಡದೆ ಮುಂದುವರಿಸಿದೆ: "ಆದರೆ ಒಂದು ಮಾತು. ಇನ್ನೊಂದು ಸಲ ಹೀಗೆ ಬಂದು, ಐದು ನಿಮಿಷವಾದರೂ ಹೋಗದೆ, ನಾನು ಏನಿಲ್ಲ ತಡಿ, ಸ್ವಲ್ಪ ಕಾಯೋಣ ಅಂತೀನಿ ನೋಡು. ಆವಾಗ ನನ್ನ ಮಾತು ಕೇಳಬೇಡ."